ಪರದೇಶಿಗೊಂದು ಖೋಲಿ

ಉನ್ನತ ಶಿಕ್ಷಣದ ಸಮೀಕ್ಷೆಗೆಂದು ಕಾಲೇಜುಗಳು ವರುಷಕ್ಕೊಮ್ಮೆ ತುಂಬಿ ಕಳಿಸುವ ನಮೂನೆಯಲ್ಲಿ ಪರದೇಶದ ವಿದ್ಯಾರ್ಥಿಗಳ ಲೆಕ್ಕವನ್ನೂ ಕೇಳಿರುತ್ತಾರೆ. ನವಲಗುಂದ ಸೀಮೆಯ ನಮ್ಮಂಥ ಕಾಲೇಜಿನವರಿಗೆ ಅಲ್ಲಿ ತಡವರಿಸುವ ಕಾರಣವಿಲ್ಲ, ಸೊನ್ನೆ ಬರೆದರಾಯಿತು. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರಲ್ಲಿ ಪರದೇಶದವರನ್ನು ಬರಮಾಡಿಕೊಳ್ಳುವ ಬಗೆಗೆ ಮಾರ್ಗಸೂಚಿ ಹೊರಡಿಸಿದಂದಿನಿಂದ ನಮ್ಮ ಸಭೆಗಳಲ್ಲಿ ಈ ಸೊನ್ನೆಗೂ ಮಾನ ಬಂದಿದೆ. ಒಬ್ಬರು ಬಣ್ಣದ ಪತ್ರಿಕೆ ಅಚ್ಚು ಹಾಕಿಸೋಣವೆಂದರು. ಇನ್ನೊಬ್ಬರು ಇಂಗ್ಲಿಷಿನಲ್ಲಿ ಸ್ವಾಗತಗೀತೆ ಬರೆಯಿಸೋಣವೆಂದರು. ಚಹಾ ಬಂತು, ಸಭೆ ಮುಗಿಯಿತು.

ನಾನು ಕನ್ನಡದ ಮಾಸ್ತರ. ನನ್ನ ಕಣ್ಣು ಮೊದಲು ಬೀಳುವದು ಶಬ್ದದ ಮೇಲೆ. ನಮ್ಮ ಕಡೆ 'ಪರದೇಶಿ' ಎಂದರೆ ಬೇರೆ ದೇಶದವನು ಎಂದಷ್ಟೇ ಅಲ್ಲ. ಹಿಂದು ಮುಂದು ಯಾರೂ ಇಲ್ಲದವನು. ತಾಯಿ ತೀರಿದ ಕೂಸನ್ನು ಕಂಡು ಓಣಿಯವರು 'ಪರದೇಶಿ ಆತವ್ವಾ' ಎಂದು ಮರುಗುತ್ತಾರೆ. ಈ ಎರಡು ಅರ್ಥಗಳು ಎಷ್ಟು ಹತ್ತಿರದವೆಂಬುದು ನನಗೆ ತಿಳಿದದ್ದು ಎರಡು ವರುಷದ ಹಿಂದೆ, ಇಥಿಯೋಪಿಯದ ಹುಡುಗನೊಬ್ಬನಿಗಾಗಿ ಖೋಲಿ ಹುಡುಕುತ್ತ ತಿರುಗಿದಾಗ.

ಅವನು ಧಾರವಾಡದಲ್ಲಿ ಕೃಷಿಶಾಸ್ತ್ರ ಓದುತ್ತಿದ್ದ. ಹಿಂಗಾರಿ ಜೋಳದ ಮೇಲೆ ಪ್ರಬಂಧ ಬರೆಯುವವನಿದ್ದ. ಬಿತ್ತಿಗೆಯಿಂದ ಸುಗ್ಗಿಯವರೆಗೆ ನಮ್ಮ ಎರಿಹೊಲಗಳ ನಡುವೆ ಇರಬೇಕಾಗಿತ್ತು. ಗೆಳೆಯರೊಬ್ಬರು ಅವನನ್ನು ನನ್ನ ಹತ್ತಿರ ಕಳಿಸಿದರು. ಮೊದಲನೆಯ ಮನೆಯವರು "ಯಾವ ಮಂದಿ, ಸರ?" ಎಂದರು. ಇಥಿಯೋಪಿಯದವನೆಂದೆ. "ಅದು ಆತ್ರಿ, ಯಾವ ಮಂದಿ?" ಎಂದು ಮತ್ತೆ ಕೇಳಿದರು. ಎರಡನೆಯವರಿಗೆ ಅವನು ಏನು ತಿನ್ನುವನೆಂಬ ಚಿಂತೆ. ಮೂರನೆಯವರು ಒಳ್ಳೆಯವರೇ, ಪೊಲೀಸರಿಗೆ ಅಂಜಿದರು. ಪರದೇಶದವರಿಗೆ ಇಳಿದುಕೊಳ್ಳಲು ಜಾಗ ಕೊಟ್ಟವರು 24 ತಾಸಿನೊಳಗೆ ಸರಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ. ಅದನ್ನು ತುಂಬಿಕೊಡುವವರಿದ್ದರೆ ಅರ್ಧ ತಾಸಿನ ಕೆಲಸ; ಇಲ್ಲದಿದ್ದರೆ ಅದೊಂದು ಗುಮ್ಮ. ಹುಡುಗ ನನ್ನ ಹಿಂದೆ ಸುಮ್ಮನೆ ನಡೆಯುತ್ತಿದ್ದ. ಕನ್ನಡ ಅವನಿಗೆ ಬರುತ್ತಿದ್ದಿಲ್ಲ, ಆದರೆ ಮುಚ್ಚುವ ಬಾಗಿಲಿನ ಸಪ್ಪಳಕ್ಕೆ ಯಾವ ಭಾಷೆ ಬೇಕು?

ಹೊರನಾಡಿನ ವಿದ್ಯಾರ್ಥಿಯನ್ನು ಕೆಣಕಿದರೆ ಏನಾಗುವದೆಂಬುದನ್ನು ಕನ್ನಡಿಗರಾದರೂ ಮರೆಯಬಾರದು. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ರಾವುತನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನೆಂದು ತಾಳಗುಂದದ ಶಾಸನ ಹೇಳುತ್ತದೆ. ಕದಂಬ ರಾಜ್ಯ ಹುಟ್ಟಿತು. ನನ್ನ ಹುಡುಗ ಅಷ್ಟು ಸಿಟ್ಟಿನವನಲ್ಲ, ನಮ್ಮ ಪುಣ್ಯ.

ಅದೇ ಶಾಸನಗಳಲ್ಲಿ ಇನ್ನೊಂದು ಮಾತೂ ಇದೆ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿ ಈಗ ಒಂದು ಸಾಮಾನ್ಯ ಊರು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದಲ್ಲಿ, 945ರಲ್ಲಿ, ಅವನ ಮಂತ್ರಿ ನಾರಾಯಣನು ಅಲ್ಲಿ ಶಾಲೆ ಕಟ್ಟಿಸಿದ. ನಾನಾ ಜನಪದಗಳಲ್ಲಿ ಹುಟ್ಟಿದವರು ಅಲ್ಲಿಗೆ ಬರುತ್ತಿದ್ದರು. ಅವರು ಇರುವದಕ್ಕೆ 27 ಮನೆಗಳು, ದೀಪದ ಖರ್ಚಿಗೆ 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ. ನನಗೆ ಎಲ್ಲಕ್ಕಿಂತ ರುಚಿಸಿದ್ದು ಊರವರ ಪಾಲು: ಮದುವೆಯಾದರೆ 5 ನಾಣ್ಯ, ಮುಂಜಿವೆಗೆ ಎರಡೂವರೆ, ಜವಳಕ್ಕೆ ಒಂದೂಕಾಲು. ಅದು ಬ್ರಾಹ್ಮಣರ ಶಾಲೆ, ಬಾಗಿಲು ಎಲ್ಲರಿಗೂ ತೆರೆದಿದ್ದಿಲ್ಲ. ಅದನ್ನು ಮುಚ್ಚಿಟ್ಟು ಹೊಗಳುವದು ಸಲ್ಲ. ಆದರೂ ದೂರದ ಹುಡುಗ ರಾತ್ರಿ ಓದಬೇಕಾದರೆ ಎಣ್ಣೆ ಬೇಕಾಗುವದೆಂದು ಯಾರೋ ಕೂತು ವಿಚಾರ ಮಾಡಿದ್ದರಲ್ಲ! ನಮ್ಮ ಬಣ್ಣದ ಪತ್ರಿಕೆಯಲ್ಲಿ ಎಣ್ಣೆಯ ಮಾತಿಲ್ಲ.

ಕೊನೆಗೆ ಖೋಲಿ ಕೊಟ್ಟವಳು ನಮ್ಮ ಓಣಿಯ ಒಬ್ಬ ಆಯಿ. "ರಾತ್ರಿ ಹತ್ತಕ್ಕ ಅಗಳಿ ಹಾಕತೇನಿ, ಅಷ್ಟು ಹೇಳ್ರಿ ಅವಗ" ಎಂಬುದೊಂದೇ ಅವಳ ಕರಾರು. ಸರಕಾರದ ನಮೂನೆ ನಾನು ತುಂಬಿದೆ. ಹದಿನೈದು ದಿನಗಳಲ್ಲಿ ಹುಡುಗ 'ಸಾಕ್ರಿ' ಎನ್ನಲು ಕಲಿತ. ಆಯಿಯ ಮನೆಯಲ್ಲಿ ಅದು ಕೆಲಸಕ್ಕೆ ಬಾರದ ಶಬ್ದ.

ಎಳ್ಳಮಾಸಿಗೆ ಅವನನ್ನೂ ಚರಗ ಚೆಲ್ಲಲು ಹೊಲಕ್ಕೆ ಕರೆದೊಯ್ದರು. ಸಜ್ಜಿರೊಟ್ಟಿ, ಎಣಗಾಯಿ ಬದನಿಕಾಯಿ, ಕಾಳಪಲ್ಲೆ. ಜೋಳ, ಸಜ್ಜೆ ಎರಡೂ ಸಾವಿರಾರು ವರುಷದ ಹಿಂದೆ ಆಫ್ರಿಕೆಯಿಂದ ಬಂದ ಕಾಳುಗಳೆಂದು ಅವನು ಹೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಎರಿಮಣ್ಣು ತಮ್ಮ ಸೀಮೆಯಲ್ಲಿಯೂ ಹೀಗೆಯೇ ಬಿರುಕು ಬಿಡುವದೆಂದೂ ಹೇಳಿದ. ಆಯಿ ತೆನೆಯನ್ನೊಮ್ಮೆ ಹುಡುಗನನ್ನೊಮ್ಮೆ ನೋಡಿ, "ಹಂಗಾರ ಇಂವ ನಮ್ಮ ಜ್ವಾಳದ ತವರ ಮನಿಯಾಂವ. ಹಾಕ್ರಿ ಇನ್ನೊಂದು ರೊಟ್ಟಿ" ಎಂದಳು.

ಸುಗ್ಗಿ ಮುಗಿಸಿ ಅವನು ಹೋದ. ಮೊನ್ನೆ ಸಂತೆಯಲ್ಲಿ ಆಯಿ ಸಿಕ್ಕಿದ್ದಳು. "ಮಾಸ್ತರ, ಖೋಲಿ ಖಾಲಿ ಐತಿ. ಇನ್ನೊಬ್ಬ ಪರದೇಶಿ ಬಂದರ ಕಳಸ್ರಿ" ಎಂದು, ನಾಲ್ಕು ಹೆಜ್ಜೆ ಹೋಗಿ ಹೊರಳಿ ನಿಂತಳು: "ಬಾಡಗಿ ಮಾತ್ರ ನೂರು ರೂಪಾಯಿ ಹೆಚ್ಚು, ಮೊದಲ ಹೇಳಿರ್ರಿ."