ಅಜೆರಾತಿನ ಹಳೆಯ ಹಾದಿ

ಅಜೆರಾತ್ ಎಂಬ ನಾಡು ಯಾವ ಭೂಪಟದಲ್ಲಿಯೂ ಇಲ್ಲ. ಆದರೂ ಅಲ್ಲಿ ಬಂದರುಗಳುಂಟು, ಛತ್ರಗಳುಂಟು, ಬೆಟ್ಟವನ್ನು ಕೊರೆದು ಕಟ್ಟಿದ ರಾಜಧಾನಿಯುಂಟು. 2010ರಲ್ಲಿ 1 ಕೋಟಿ 20 ಲಕ್ಷ ಜನ ಚಂದಾ ತೆತ್ತು ಅಲ್ಲಿ ತಿರುಗಾಡುತ್ತಿದ್ದರು. ಅಮೆರಿಕದ ಬ್ಲಿಜರ್ಡ್ ಸಂಸ್ಥೆಯು 2004ರ ನವೆಂಬರಿನಲ್ಲಿ ತೆರೆದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟವೇ ಈ ನಾಡು. ದೇಶದೇಶಗಳ ಸಾವಿರಾರು ಮಂದಿ ತಂತಮ್ಮ ಮನೆಗಳಲ್ಲಿ ಕುಳಿತು, ತಾವೇ ಆಯ್ದುಕೊಂಡ ವೇಷದಲ್ಲಿ, ಏಕಕಾಲಕ್ಕೆ ಅಲ್ಲಿ ಸಂಚರಿಸುತ್ತಾರೆ. ಆಟವೆಂದ ಮೇಲೆ ಒಮ್ಮೆ ಮುಗಿಯಬೇಕಷ್ಟೆ. ಇದು ಮುಗಿಯುವುದೇ ಇಲ್ಲ.

ಈ ನಾಡಿನ ವಾಯವ್ಯ ಮೂಲೆಯಲ್ಲಿ ಟೆಲ್ಡ್ರಾಸಿಲ್ ಎಂಬ ಮಹಾವೃಕ್ಷ. ಅದರ ನೆತ್ತಿಯಲ್ಲಿ ನೈಟ್ ಎಲ್ಫ್ ಎಂಬ ನೀಳಗಿವಿಯ ಯಕ್ಷಕುಲದ ನಗರ. ಅಲ್ಲಿ ಹೊಸದಾಗಿ ಜನ್ಮವೆತ್ತಿದವನ ಗೆಳೆಯರು ಮಾನವ ವೇಷವನ್ನು ಆಯ್ದು, ಸಾಗರದಾಚೆಯ ಸ್ಟಾರ್ಮ್‌ವಿಂಡಿನ ಬಳಿ ಹುಟ್ಟಿದರೆಂದರೆ ಬಂತು ಫಜೀತಿ! ಮೊದಲ ವರ್ಷಗಳಲ್ಲಿ ಅವರನ್ನು ಕೂಡಲು ಆಬರ್ಡೀನ್ ರೇವಿನಲ್ಲಿ ಹಡಗಿಗಾಗಿ ಕಾದು ನಿಲ್ಲಬೇಕಿತ್ತು. ಕಾಯುವ ಹೊತ್ತಿನಲ್ಲಿ ಅಪರಿಚಿತರು ಮಾತಿಗೆ ತೊಡಗುವುದು ರೈಲ್ವೆ ನಿಲ್ದಾಣಗಳಿಗಷ್ಟೇ ಮೀಸಲಾದ ಗುಣವಲ್ಲ.

ಹಡಗು ಇಳಿಸುವುದು ಮೆನೆಥಿಲ್ ಬಂದರಿನಲ್ಲಿ. ಅಲ್ಲಿಂದ ಮುಂದೆ ಜೌಗುನೆಲ. ಹಾದಿಯ ಬದಿಯಲ್ಲೇ ಮೊಸಳೆಗಳು. ಹೊಸಬನಿಗೆ ಒಂದೆರಡು ಕಚ್ಚಿದರೆ ಸಾಕು. ಸತ್ತವನು ಪ್ರೇತರೂಪದಲ್ಲಿ ಮಸಣದಿಂದ ತನ್ನ ಹೆಣದವರೆಗೆ ಓಡಿ, ಮತ್ತೆ ಜೀವ ತಳೆದು, ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೊಮ್ಮೆ ಸಾಯುವನು. ಕೆಲವೊಮ್ಮೆ ಅತ್ತ ಬಂದ ಬಲಶಾಲಿ ದಾರಿಹೋಕನು ಕುದುರೆಯಿಂದಿಳಿದು, ಮೊಸಳೆಯನ್ನು ಕೊಂದು, ಹೆಸರನ್ನೂ ಕೇಳದೆ ಹೊರಟುಹೋಗುವನು. ಇಂತಹ ಉಪಕಾರವನ್ನು ಹತ್ತು ವರ್ಷಗಳ ಅನಂತರವೂ ನೆನೆಯುವವರುಂಟು. ಜೌಗು ದಾಟಿದರೆ ಡನ್ ಅಲ್ಗಾಜಿನ ಕಣಿವೆ, ಅದರಾಚೆ ಹಿಮದ ಬೆಟ್ಟಗಳು, ಬೆಟ್ಟದ ಹೊಟ್ಟೆಯಲ್ಲಿ ಕಾದ ಲೋಹ ಸುರಿಯುವ ಐರನ್‌ಫೋರ್ಜ್ ಪಟ್ಟಣ. ಅಲ್ಲಿಂದ ಸುರಂಗದ ಟ್ರ್ಯಾಮ್. ನಡುವೆ ಒಂದೆಡೆ ಗಾಜಿನಾಚೆ ನೀರೊಳಗಣ ಪ್ರಾಣಿಗಳು ಕಾಣುತ್ತವೆ. ಕೊನೆಗೆ ಸ್ಟಾರ್ಮ್‌ವಿಂಡ್. ಗೆಳೆಯರು ಕಾದಿರುತ್ತಾರೆ, ನಗಲು!

2008ರಲ್ಲಿ ಸ್ಟಾರ್ಮ್‌ವಿಂಡಿಗೇ ಬಂದರು ಬಂದಿತು. ಜೌಗುನೆಲದ ಪಯಣ ಬೇಡವಾಯಿತು. 2009ರಲ್ಲಿ ಗುಂಡಿಯೊತ್ತಿದರೆ ಜೊತೆಗಾರರನ್ನು ಒದಗಿಸಿ ನೇರವಾಗಿ ಗುಹೆಗೇ ಕಳುಹುವ ಏರ್ಪಾಡಾಯಿತು. 2010ರ ‘ಮಹಾಪ್ರಳಯ’ದಲ್ಲಿ ಆಬರ್ಡೀನ್ ಹಾಳೂರಾಯಿತು. ಸೌಕರ್ಯ ಹೆಚ್ಚಿತು, ನಿಜ. ದಾರಿಯಲ್ಲಿ ಎದುರಾಗುವ ಜನ ಮಾತ್ರ ಕಡಿಮೆಯಾದರು.

ಹಳೆಯ ಅಜೆರಾತಿಗಾಗಿ ಹಂಬಲಿಸಿದವರು ತಾವೇ ಅದರ ಪ್ರತಿಯೊಂದನ್ನು ಅನಧಿಕೃತವಾಗಿ ನಡೆಸಿದರು. ನಾಸ್ಟಾಲ್ರಿಯಸ್ ಎಂಬ ಅಂತಹದೊಂದು ಪ್ರತಿಯು ಸಂಸ್ಥೆಯ ವಕೀಲರ ಪತ್ರದಿಂದ 2016ರ ಏಪ್ರಿಲಿನಲ್ಲಿ ಮುಚ್ಚಿದಾಗ, ಮನವಿಗೆ ಎರಡು ಲಕ್ಷಕ್ಕೂ ಮಿಕ್ಕಿ ರುಜುಗಳು ಬಿದ್ದವು. 2019ರ ಆಗಸ್ಟಿನಲ್ಲಿ ಸಂಸ್ಥೆಯೇ ‘ಕ್ಲಾಸಿಕ್’ ಎಂಬ ಹೆಸರಿನಿಂದ ಹಳೆಯ ನಾಡಿನ ಬಾಗಿಲು ತೆರೆಯಿತು. ಒಳಹೋಗಲು ಗಂಟೆಗಟ್ಟಲೆ ಕಾಯಬೇಕಾಯಿತು. ಒಂದೇ ಮೃಗವನ್ನು ಕೊಲ್ಲಬೇಕಾದ ನೂರಾರು ವೀರರು ರೇಷನ್ ಅಂಗಡಿಯ ಮುಂದಿನಂತೆ ಸಾಲುಗಟ್ಟಿ ನಿಂತರು. ಹಾಗೆ ನಿಲ್ಲಿರೆಂದು ಆಟದ ನಿಯಮವೇನೂ ಇರಲಿಲ್ಲ.

ಈ ಹಾದಿಗಳ ಬೆಲೆಯನ್ನು ನಾರ್ವೆಯ ಮಾಟ್ಸ್ ಸ್ಟೇನನಷ್ಟು ಬಲ್ಲವರು ವಿರಳ. ಡ್ಯೂಶೆನ್ ಎಂಬ ಸ್ನಾಯುಕ್ಷಯದಿಂದ ಗಾಲಿಕುರ್ಚಿಗೆ ಸೇರಿದ್ದ ಆ ತರುಣನು ಅಜೆರಾತಿನಲ್ಲಿ ಇಬೆಲಿನ್ ಎಂಬ ಹೆಸರಿನ ವೀರ. ಅಲ್ಲಿನ ಕಾಡುದಾರಿಯಲ್ಲಿ ದಿನವೂ ಓಡುವುದು ಅವನ ರೂಢಿ. ‘ಸ್ಟಾರ್‌ಲೈಟ್’ ಎಂಬ ಗೆಳೆಯರ ಕೂಟದಲ್ಲಿ ಹಲವರ ಕಷ್ಟಸುಖಗಳಿಗೆ ಕಿವಿಗೊಟ್ಟವನು ಅವನು. ತನ್ನ ಕಾಯಿಲೆಯನ್ನು ಬಹುಕಾಲ ಅವರಿಗೆ ತಿಳಿಸಿರಲಿಲ್ಲ. 2014ರ ನವೆಂಬರಿನಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಮಗನು ಒಂಟಿಯಾಗಿ ಬಾಳಿದನೆಂದು ಕೊರಗುತ್ತಿದ್ದ ತಂದೆತಾಯಿಗಳು, ಮಗನ ಬರಹಗಳಿದ್ದ ಪುಟದಲ್ಲಿಯೇ ಸಾವಿನ ಸುದ್ದಿಯನ್ನು ಪ್ರಕಟಿಸಿದರು. ಕಂಡರಿಯದವರಿಂದ ಒಂದರ ಹಿಂದೊಂದು ಪತ್ರಗಳು ಬರತೊಡಗಿದವು. ಅಂತ್ಯಸಂಸ್ಕಾರದ ದಿನ, ಅವನನ್ನು ಒಮ್ಮೆಯೂ ಮುಖತಃ ನೋಡದ ಕೆಲವು ಗೆಳೆಯರು ಯೂರೋಪಿನ ಬೇರೆ ಬೇರೆ ದೇಶಗಳಿಂದ ಓಸ್ಲೋ ನಗರಕ್ಕೆ ಬಂದಿಳಿದಿದ್ದರು.