ಹೊಗೆಯೋ ಮಂಜೋ

ನ್ಯಾಯಶಾಸ್ತ್ರ ಬರೆದ ಹಿರಿಯರು ಮಳೆಗಾಲದಲ್ಲಿ ಕಾರವಾರದ ಕಡೆ ಬಂದಿರಲಿಕ್ಕಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. 'ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ' ಎಂಬುದು ಅವರ ಅಚ್ಚುಮೆಚ್ಚಿನ ಉದಾಹರಣೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಮೆಟ್ಟಿಲು ಹತ್ತಿಸಿ, ಅಡುಗೆಮನೆಯ ಒಲೆಯನ್ನು ಸಾಕ್ಷಿಗೆ ಕರೆದು, ಬೆಂಕಿಯನ್ನು ಸಾಧಿಸಿಬಿಡುತ್ತಾರೆ. ಆದರೆ ಆಷಾಢದಲ್ಲಿ ಅಂಕೋಲೆಯ ಬಸ್ಸಿನ ಕಿಟಕಿಯಿಂದ ನೋಡಿ, ಒಂದೊಂದು ಗುಡ್ಡದ ನೆತ್ತಿಯಲ್ಲೂ ಹೊಗೆ ಏಳುತ್ತಿರುತ್ತದೆ. ಅದು ಹೊಗೆಯಲ್ಲ, ಮಂಜು. (ನಿಜ ಹೇಳಬೇಕೆಂದರೆ ಆ ಹಿರಿಯರು ಇದನ್ನೂ ಬಿಟ್ಟಿಲ್ಲ. ಹೊಗೆಯೋ ಆವಿಯೋ ಎಂಬ ಸಂಶಯವಿದ್ದರೆ ಹೇತುವೇ ಅಸಿದ್ಧ ಎಂದುಬಿಟ್ಟಿದ್ದಾರೆ.) ಮೆಟ್ಟಿಲು ಐದೂ ನೆಟ್ಟಗಿದ್ದು ಕೆಳಗಿನ ಕಲ್ಲೇ ಅಲುಗುತ್ತಿದ್ದರೆ ಹತ್ತಿದವರ ಗತಿಯೇನು?

ನಾನು ಕಲಿಸುವುದು ಕನ್ನಡ ಮತ್ತು ಸಮಾಜ. ತರ್ಕ ನಮ್ಮ ಪಠ್ಯದಲ್ಲಿಲ್ಲ. ಆದರೂ ಮಕ್ಕಳ ಪ್ರಬಂಧ ತಿದ್ದುವಾಗ 'ಆದ್ದರಿಂದ' ಎಂಬ ಪದ ಬಂದಲ್ಲಿ ನನ್ನ ಕೆಂಪು ಪೆನ್ನು ತುಸು ನಿಲ್ಲುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಯೊಳಗೆ ಹೋಯಿತು. ದಾರಿ ಬದಿಯ ಚಹಾದಂಗಡಿ, ನಿಂತಿದ್ದ ಲಾರಿ, ಮನುಷ್ಯರು ಎಲ್ಲ ಹೋದರು. ಕೇರಳದ ಲಾರಿಯೊಂದು ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಮಳೆಯ ರಜೆ ಮುಗಿದು ತರಗತಿ ಸೇರಿದಾಗ ಮಕ್ಕಳಿಗೆ ಬೇರೆ ಮಾತೇ ಇರಲಿಲ್ಲ. ಮಳೆಯಿಂದ ಬಿತ್ತು ಎಂದನೊಬ್ಬ. ಮಳೆ ಇಡೀ ತಾಲೂಕಿಗೆ ಸುರಿದಿದೆ, ಎಲ್ಲ ಗುಡ್ಡ ಬಿತ್ತೇನೋ ಎಂದೆ. ರಸ್ತೆಗಾಗಿ ಕಡಿದದ್ದರಿಂದ ಎಂದ ಇನ್ನೊಬ್ಬ. ಕಡಿದ ಗುಡ್ಡಗಳೂ ಎಷ್ಟೋ ಅಂದು ನಿಂತಿದ್ದವು. ಬುಡದ ಆಧಾರ ಹೋದ ಇಳಿಜಾರಿನ ಮಣ್ಣು ನೀರು ಕುಡಿದು ಭಾರವಾಗಿ, ಹಿಡಿತ ಸಡಿಲಿ ಬರುತ್ತದೆ ಎಂದು ಎರಡನ್ನೂ ಜೋಡಿಸಿದಾಗ ಮಾತಿಗೆ ಸ್ವಲ್ಪ ಗಟ್ಟಿತನ ಬಂತು.

ಆಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. 'ಅಕ್ಕೋರೇ, ಶಿರೂರಿನದೂ ಗುಡ್ಡ, ನಮ್ಮನೆ ಹಿಂದಿನದೂ ಗುಡ್ಡ. ಅದು ಬಿತ್ತು. ಆದ್ದರಿಂದ ಇದೂ ಬೀಳ್ತದೆ.' ಅವಳು ರಾತ್ರಿ ನಿದ್ದೆ ಮಾಡುತ್ತಿಲ್ಲವೆಂದು ಪಕ್ಕದವಳು ಹೇಳಿದಳು. ನಮ್ಮ ಮಾಸ್ತರರೊಬ್ಬರು ಬಹಳ ಕರುಣೆಯಿಂದಲೇ, 'ನಿಮ್ಮಜ್ಜನ ಕಾಲದಿಂದ ನಿಂತ ಗುಡ್ಡ, ಈಗೇನು ಬೀಳ್ತದೆ ಬಿಡು' ಎಂದರು. ಹುಡುಗಿಗೆ ಸಮಾಧಾನವಾದಂತೆ ಕಂಡಿತು. ನನಗೆ ಆಗಲಿಲ್ಲ. ಅಜ್ಜ ಕಂಡದ್ದು ಕಡಿಯದ ಗುಡ್ಡವನ್ನು. ಅವನ ಸಾಕ್ಷಿ ಬೇರೆಯೇ ಗುಡ್ಡದ್ದು. ಇದಾಗಿ ಕೆಲವೇ ದಿನಕ್ಕೆ, ಆಗಸ್ಟ್ 7ರ ನಸುಕಿನಲ್ಲಿ, ನಾಲ್ಕು ದಶಕ ನಿಂತಿದ್ದ ಕಾಳಿ ನದಿಯ ಹಳೆಯ ಸೇತುವೆ ಕೋಡಿಬಾಗ ಸದಾಶಿವಗಡಗಳ ನಡುವೆ ಒಂದು ಲಾರಿ ಸಮೇತ ಕುಸಿಯಿತು. ಚಾಲಕ ಬದುಕಿದ, ಪುಣ್ಯ. ಹಿಂದಿನ ದಿನದವರೆಗೆ ಅದೂ ನಿಂತೇ ಇತ್ತಲ್ಲ!

ಹಾಗೆಂದು ಹುಡುಗಿಯ ವಾದವೇನು ಬಲವಾದದ್ದಲ್ಲ. ಎರಡೂ ಗುಡ್ಡವೆಂಬುದಷ್ಟೇ ಹೋಲಿಕೆಯಾದರೆ ಉತ್ತರ ಕನ್ನಡದಲ್ಲಿ ಯಾರೂ ಮನೆ ಕಟ್ಟುವಂತಿಲ್ಲ. ಅವಳನ್ನು ಕೂರಿಸಿಕೊಂಡು ಕೇಳಿದೆ: ಬುಡ ಕಡಿದಿದ್ದಾರೆಯೇ? ಗೋಡೆಯ ಹಾಗೆ ಕಡಿದಿದ್ದಾರೋ, ಮೆಟ್ಟಿಲು ಮಾಡಿ ಕಡಿದಿದ್ದಾರೋ? ಮೇಲೆ ಬಿರುಕುಂಟೇ? ಮರಗಳು ಓರೆಯಾಗಿವೆಯೇ? ಬುಡದಲ್ಲಿ ನೀರು ಒಸರುತ್ತದೆಯೇ, ತಿಳಿಯೋ ಕೆಸರೋ? ಮಾರನೆಯ ದಿನ ನೋಟುಬುಕ್ಕಿನಲ್ಲಿ ಬರೆದು ತಂದಳು. ಗೋಡೆಯ ಹಾಗೆ ಕಡಿದದ್ದು, ಬಿರುಕು ಕಾಣುವುದಿಲ್ಲ, ಹಲಸಿನ ಮರ ನೆಟ್ಟಗಿದೆ, ನೀರು ಕೆಂಪು. ಬೀಳುತ್ತದೆ ಎನ್ನಲು ಇಷ್ಟು ಸಾಲದು, ಬೀಳುವುದಿಲ್ಲ ಎಂದು ಮಲಗಲಿಕ್ಕೂ ಸಾಲದು ಎಂದೆ. ಆ ಹಾಳೆಯನ್ನು ಅವಳ ಅಪ್ಪ ಓದಿದರಂತೆ. ರೆಡ್ ಅಲರ್ಟ್ ಎಂದ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಬೇಲೇಕೇರಿಯ ಅತ್ತೆಮನೆಯಲ್ಲಿ ಮಲಗತೊಡಗಿದರು.

ಮರುವರ್ಷದ ಮಳೆಗಾಲವೂ ಕಳೆಯಿತು. ಗುಡ್ಡ ಬಿದ್ದಿಲ್ಲ. 'ನೋಡಿ, ನಾ ಹೇಳಿದ್ದೇ ಆಯ್ತು' ಎಂದು ಆ ಮಾಸ್ತರರು ನಗುತ್ತಾರೆ; ಆಗಲಿ ಎಂದು ನಾನೂ ನಗುತ್ತೇನೆ. ಹುಡುಗಿ ಈಗ ಕಾರವಾರದಲ್ಲಿ ಪಿಯುಸಿ ಓದುತ್ತಾಳೆ. ಜೋರು ಮಳೆ ಹಿಡಿದರೆ ಅವರ ಹಾಸಿಗೆ ಸುರುಳಿ ಇಂದಿಗೂ ಬೇಲೇಕೇರಿಗೆ ಹೋಗುತ್ತದೆ.