ನಲವತ್ತೆಂಟು ಬೈಟು

ಮಿತ್ರರೆಲ್ಲ ಕತೆ, ಕವನ ಕೊಟ್ಟಿರುವಾಗ ನಾನು ಆಟದ ಬಗ್ಗೆ ಬರೆದರೆ ಸಂಪಾದಕರು ಹುಬ್ಬೇರಿಸಿಯಾರು. ಏರಿಸಲಿ.

ಎಣ್ಣೂರಿನ ನಮ್ಮ ಬೀದಿಯಲ್ಲಿ ಕನ್ನಡ ಮಾತಾಡುವುದು ನಮ್ಮ ಮನೆಯೊಂದೇ. ಅಪ್ಪ ಲಾರಿ ಕಾರ್ಖಾನೆಯ ಕೆಲಸಕ್ಕೆ ಬಂದವರು ಇಲ್ಲೇ ಉಳಿದರು. ನಾನೂ ತಮ್ಮನೂ ಗೇಮ್‌ಬಾಯ್‌ಗೆ ಒಂದು ಆಟ ಬರೆಯುತ್ತಿದ್ದೇವೆ. ಅದು 1989ರ ಯಂತ್ರ. ಪರದೆ ಅಂದ್ರೆ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ, ಅಷ್ಟೇ. ಇವತ್ತಿಗೂ ಹವ್ಯಾಸಿಗಳು ಮನೆಯಲ್ಲಿ ಕೂತು ಅದಕ್ಕೆ ಹೊಸ ಆಟ ಕಟ್ಟುತ್ತಾರೆ. ನಮ್ಮದರಲ್ಲಿ ಕೊಸಸ್ತಲೈ ಹೊಳೆ ಕಡಲು ಸೇರುವ ಅಳಿವೆ, ಒಂದು ದೋಣಿ, ಸೀಗಡಿ. ಮೂರನೇ ಸುತ್ತಿನಲ್ಲಿ ನೀರ ಮೇಲೆ ಎಣ್ಣೆ ಬರುತ್ತದೆ. 2023ರ ಡಿಸೆಂಬರಿನಲ್ಲಿ ಚಂಡಮಾರುತದ ನೆರೆಯ ಜೊತೆ ಬಂತಲ್ಲ, ಹಾಗೆ.

ಮುಗಿಸುವ ಹೊತ್ತಿಗೆ ಯಾರದು ಯಾವುದು ಅನ್ನೋ ಪ್ರಶ್ನೆ ಎದ್ದಿತು. ಗೇಮ್‌ಬಾಯ್ ಹೊತ್ತಿಸಿದ ಕೂಡಲೇ ಅದು ಕಾರ್ಟ್ರಿಜ್‌ನಲ್ಲಿ 48 ಬೈಟು ಹುಡುಕುತ್ತದೆ. ನಿಂಟೆಂಡೊ ಕಂಪನಿಯ ಹೆಸರಿನ ಚಿತ್ರ ಅದು. ತನ್ನೊಳಗಿನ ಪ್ರತಿಯೊಂದಿಗೆ ತಾಳೆ ನೋಡಿ, ಒಂದು ಬೈಟು ತಪ್ಪಿದರೂ ಅಲ್ಲೇ ನಿಂತುಬಿಡುತ್ತದೆ. ಅಂದರೆ ನಮ್ಮ ದೋಣಿ ತೇಲಬೇಕಾದರೆ ಅವರ ಮುದ್ರೆ ಬೇಕು!

ಕಾನೂನು ಓದುವ ಗೆಳೆಯನ ಹತ್ತಿರ ಹೋದೆ. ಅವನು ಅಮೆರಿಕದ 1992ರ ಎರಡು ಮೊಕದ್ದಮೆ ಹೇಳಿದ. ಸೆಗಾ ಯಂತ್ರಕ್ಕೆ ಹೊಂದುವ ಆಟ ಮಾಡಲು ಅಕ್ಕೊಲೇಡ್ ಕಂಪನಿ ಹಳೆಯ ಆಟಗಳನ್ನು ಬಿಚ್ಚಿ ಓದಿತ್ತು. ಬೇರೆ ದಾರಿಯಿಲ್ಲದಾಗ ಹಾಗೆ ಓದಬಹುದು ಎಂದಿತು ನ್ಯಾಯಾಲಯ. ಅಟಾರಿ ಗೇಮ್ಸ್ ಮಾತ್ರ ಸುಳ್ಳು ಹೇಳಿ ಕಾಪಿರೈಟ್ ಕಚೇರಿಯಿಂದಲೇ ನಿಂಟೆಂಡೊದ ಬೀಗದ ಪ್ರೋಗ್ರಾಂ ತಂದುಕೊಂಡು ಸಿಕ್ಕಿಬಿತ್ತು. ನಮ್ಮ 1957ರ ಕಾಯಿದೆಯ 52ನೇ ಕಲಮಿನಲ್ಲೂ ಹೊಂದಾಣಿಕೆಗೆ ಬೇಕಾದ ಮಾಹಿತಿ ತಿಳಿಯಲು ಅವಕಾಶವಿದೆಯಂತೆ. ಮುದ್ರೆಯ ವಿಚಾರ ಕೇಳಿದ್ದಕ್ಕೆ ಅವನು ಟೀ ತರಿಸಿದ.

ನನ್ನ ತಲೆ ಕೆಡಿಸಿದ್ದು ಅದಲ್ಲ, ಹಾಡು. ತಮ್ಮನಿಗೆ ರಾಜ್‌ಕುಮಾರ್ ಚಿತ್ರದ ಟ್ಯೂನೇ ಬೇಕಿತ್ತು. ಅದಕ್ಕೆ ಒಡೆಯರಿದ್ದಾರೆ, ಬೇಡ ಅಂದೆ. ಮೀನುಗಾರರ ಕೇರಿಯ ಅಜ್ಜಿಯೊಬ್ಬಳು ಬಲೆ ಬಿಡಿಸುತ್ತಾ ಗುನುಗುವ ರಾಗವಿದೆ. ಅವಳ ಅಜ್ಜಿಗೂ ಯಾರೋ ಕಲಿಸಿದ್ದು. ಅವಳ ದನಿ ಮುದ್ರಿಸಿಕೊಂಡರೆ ಗಾಯಕಿಯೆಂದು ಕಾಯಿದೆ ಅವಳನ್ನು ಗುರುತಿಸುತ್ತದೆ. ಬರೀ ರಾಗವನ್ನು ಬೀಪಿಗೆ ಇಳಿಸಿದರೆ ಕೇಳುವವರೇ ಇಲ್ಲ. ಕಂಪನಿಯ 48 ಬೈಟಿಗೆ ಇರೋ ಕಾವಲು ಇವಳ ಹಾಡಿಗೆ ಇಲ್ಲವಲ್ಲ ಅಂತ ನನಗೆ ಸಿಟ್ಟು ಬಂತು.

ಹೋಗಿ ಕೇಳಿದೆವು. ಅವಳು ನಕ್ಕಳು. ಹಾಡನ್ನು ಯಾರಾದರೂ ಕೇಳಿ ತಗೋತಾರಾ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಗಂಡನ ದೋಣಿಯ ಹೆಸರು ಆಟದ ದೋಣಿಗೂ ಇಡಿ ಅಂದಳು. ಆ ದೋಣಿ ಈಗಿಲ್ಲ.

ನಾವು ಬಳಸುವ ಜಿಬಿ ಸ್ಟುಡಿಯೋ ಎಂಐಟಿ ಪರವಾನಗಿಯದು. ನಮ್ಮ ಪ್ರೋಗ್ರಾಮನ್ನೂ ಹಾಗೆಯೇ ಬಿಟ್ಟುಕೊಡುತ್ತೇವೆ, ಯಾರು ಬೇಕಾದರೂ ತಿದ್ದಲಿ, ಮಾರಲಿ. ರಾಗಕ್ಕೆ ಮಾತ್ರ ಬೇರೆ ಸಾಲು ಬರೆದೆ: ಇದು ಕೊಡುವುದಕ್ಕೆ ನಮ್ಮದಲ್ಲ, ಎಣ್ಣೂರಿನ ಕೇರಿಯದು. ಇದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಅಂತ ಗೆಳೆಯ ಅಂದ. ಇರಲಿ, ಸಾಲು ಅಲ್ಲೇ ಇದೆ.

ದೋಣಿಯ ಹೆಸರು ಬರೆಯಲು ಎಂಟು ಚುಕ್ಕಿಯ ಒಂದು ಚೌಕ ಸಾಲದು. ತಮ್ಮ ಈಗ ಮೂರು ಚೌಕ ಸೇರಿಸಿ ಕೂತಿದ್ದಾನೆ.